ನಡುರಾತ್ರಿಯಲ್ಲಿ ಹಸಿದ ಶಿಶುವಿಗೆ ಹಾಲೂಡಿಸುವುದು



ಪುಣೆಯಿಂದ ಮಚಲೀಪಟ್ಟಣದವರೆಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪ್ರದೇಶಗಳನ್ನು ಹಾದು, ಹೈದರಾಬಾದಿನ ಮೂಲಕ ವಿಜಯವಾಡವನ್ನು ತಲುಪುತ್ತದೆ. ಆ ನಗರದ ಆಟೋನಗರ್ ಎಂಬ ಕೈಗಾರಿಕಾ ಪ್ರದೇಶವು ಲಾರಿಗಳ ಬಾಡಿ ಕಟ್ಟುವ, ಎಂಜಿನ್ ಬಿಚ್ಚಿ ಜೋಡಿಸುವ, ಬಿಡಿಭಾಗಗಳನ್ನು ಮಾರುವ ಸಣ್ಣಪುಟ್ಟ ಶೆಡ್ಡುಗಳ ನೆಲೆಯಾಗಿದೆ. ವಿಶಾಖಪಟ್ಟಣದಲ್ಲಿಯೂ ಗಾಜುವಾಕದ ಸಮೀಪ ಇದೇ ಹೆಸರಿನ ಪ್ರದೇಶವಿದೆ. ದುಡಿಮೆಯನ್ನರಸಿ ಊರು ಬಿಟ್ಟು ಇಂತಹ ಸ್ಥಳಗಳಿಗೆ ಬಂದು ನೆಲೆಸುವ ಕುಟುಂಬಗಳ ಹಗಲಿನ ಕಷ್ಟಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ರಾತ್ರಿಯ ಕಷ್ಟವೊಂದು ಮಾತ್ರ ನಾಲ್ಕು ಗೋಡೆಗಳ ಒಳಗೇ ಉಳಿದುಬಿಡುತ್ತದೆ. ಹಸಿದು ಅಳುವ ಎಳೆಯ ಮಗುವನ್ನು ಸಂತೈಸುವ ಕಷ್ಟವದು.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಒಂದೇ ಕೋಣೆಯ ಬಾಡಿಗೆ ಮನೆ. ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಪತಿಯು ಬೆಳಿಗ್ಗೆ ಏಳು ಗಂಟೆಗೆ ಶೆಡ್ಡಿನಲ್ಲಿರಬೇಕು. ಮಗುವಿಗೆ ಐದು ವಾರ. ರಾತ್ರಿ ಹನ್ನೊಂದಕ್ಕೆ ಹಾಲು ಕುಡಿದ ಮಗು ಒಂದು ಗಂಟೆಗೆ ಅಳುತ್ತದೆ, ಮತ್ತೆ ಮೂರಕ್ಕೆ ಅಳುತ್ತದೆ. ಹೇಳಿಕೊಡಲು ಹತ್ತಿರದಲ್ಲಿ ಅತ್ತೆಯಿಲ್ಲ, ತಾಯಿಯಿಲ್ಲ. ಮರುದಿನ ಊರಿಗೆ ಫೋನು ಮಾಡಿದರೆ, "ಹಾಲು ಸಾಲಂಗಿಲ್ಲವ್ವಾ, ರಾತ್ರಿಗೆ ಡಬ್ಬಿ ಹಾಲು ಹಾಕು" ಎಂಬ ಸಲಹೆ ಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕಕ್ಕುಲಾತಿಯಲ್ಲದೆ ಬೇರೇನೂ ಇರುವುದಿಲ್ಲ. ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಡಬ್ಬವೂ ದೊರೆಯುತ್ತದೆ, ಬಾಟಲಿಯೂ ದೊರೆಯುತ್ತದೆ. ಆ ರಾತ್ರಿ ಮಗು ನಾಲ್ಕು ಗಂಟೆಗಳ ಕಾಲ ನಿದ್ರಿಸುತ್ತದೆ. ಸಲಹೆಯು ಸರಿಯಾಗಿತ್ತೆಂದು ಎಲ್ಲರಿಗೂ ಅನ್ನಿಸುತ್ತದೆ.

ಆದರೆ ಹತ್ತು ಹದಿನೈದು ದಿನಗಳಲ್ಲಿ ತಾಯಿಯ ಹಾಲು ನಿಜವಾಗಿಯೂ ಕಡಿಮೆಯಾಗತೊಡಗುತ್ತದೆ. ಇದರ ಕಾರಣವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಎದೆಹಾಲು ಮೊದಲೇ ತುಂಬಿಟ್ಟ ಕೊಡದಂತಲ್ಲ. ಮೊಗೆದಷ್ಟೂ ಊರುವ ಒರತೆಯಂತೆ. ಮಗು ಮೊಲೆಯನ್ನು ಚೀಪಿದಾಗ ತಾಯಿಯ ಮೆದುಳಿನ ತಳಭಾಗದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಮುಂದಿನ ಸರದಿಯ ಹಾಲನ್ನು ಸಿದ್ಧಪಡಿಸುವುದು ಈ ರಸವೇ. ಇದು ಹಗಲಿಗಿಂತ ರಾತ್ರಿಯಲ್ಲಿ ಹೆಚ್ಚಾಗಿ ಸ್ರವಿಸುತ್ತದೆಂಬುದು ಗಮನಾರ್ಹ. ಆದುದರಿಂದ ರಾತ್ರಿ ಕುಡಿಸಿದ ಹಾಲು ಆ ಹೊತ್ತಿನ ಹಸಿವನ್ನು ತಣಿಸುವುದರ ಜೊತೆಗೆ ಮರುದಿನದ ಹಾಲಿಗೂ ದಾರಿ ಮಾಡುತ್ತದೆ. ರಾತ್ರಿಯ ಸರದಿಯನ್ನು ಬಾಟಲಿಗೆ ಒಪ್ಪಿಸಿದಾಗ ಎದೆಯು ತುಂಬಿಯೇ ಉಳಿಯುತ್ತದೆ. ತುಂಬಿ ಉಳಿದ ಎದೆಯಲ್ಲಿ ಹಾಲಿನ ಉತ್ಪತ್ತಿಯು ತಾನಾಗಿ ಕುಗ್ಗುತ್ತದೆ. ಹಾಲು ಕುಗ್ಗಿದಂತೆ ಮಗು ಹಗಲಿನಲ್ಲಿಯೂ ಅಳುತ್ತದೆ, ಬಾಟಲಿಯು ಹಗಲಿಗೂ ಕಾಲಿಡುತ್ತದೆ. ಆರಂಭದಲ್ಲಿ ಇಲ್ಲದಿದ್ದ ಕೊರತೆಯನ್ನು ಬಾಟಲಿಯೇ ತಂದಿತೆಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಆಕ್ಸಿಟೋಸಿನ್ ಎಂಬ ಇನ್ನೊಂದು ರಸವು ತಯಾರಾದ ಹಾಲನ್ನು ಹೊರಕ್ಕೆ ಹರಿಸುತ್ತದೆ. ಭಯ, ನೋವು, ಆತಂಕಗಳಿದ್ದಾಗ ಇದರ ಕೆಲಸ ತಡೆಯುತ್ತದೆ. "ನಿನಗೆ ಹಾಲೇ ಇಲ್ಲ" ಎಂದು ನಡುರಾತ್ರಿಯಲ್ಲಿ ಆಡುವ ಒಂದು ಮಾತಿನಿಂದಲೇ ಹಾಲಿನ ಹರಿವು ಹಿಂಜರಿಯಬಹುದು. ಬಾಣಂತಿಯ ಎದುರು ಆಡುವ ಮಾತಿನಲ್ಲಿ ಮನೆಯವರು ಎಚ್ಚರ ವಹಿಸಬೇಕೆಂದು ಹೇಳುವುದಕ್ಕೆ ಶರೀರಶಾಸ್ತ್ರದ ಆಧಾರವೂ ಇದೆ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂದು ಗಾದೆ ಹೇಳುತ್ತದೆ. ಕಚೇರಿಯ ಕೆಲಸಕ್ಕೆ ಅದು ಒಪ್ಪೀತು, ಕೂಸಿಗೆ ಒಪ್ಪುವುದಿಲ್ಲ. ಅಳು ಹಸಿವಿನ ಕಡೆಯ ಸೂಚನೆ. ಅದಕ್ಕೂ ಮೊದಲೇ ಮಗು ಮಿಸುಕುತ್ತದೆ, ಬಾಯಿ ತೆರೆದು ತಲೆಯನ್ನು ಆಚೀಚೆ ಹೊರಳಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಮಗುವನ್ನು ತಾಯಿಯ ಹತ್ತಿರವೇ ಮಲಗಿಸಿದ್ದರೆ ಈ ಸೂಚನೆಗಳು ಕತ್ತಲೆಯಲ್ಲಿಯೂ ತಿಳಿಯುತ್ತವೆ. ಆಗಲೇ ಎತ್ತಿಕೊಂಡು ಹಾಲೂಡಿಸಿದರೆ ಮಗು ಪೂರ್ಣವಾಗಿ ಎಚ್ಚರಗೊಳ್ಳುವ ಮೊದಲೇ ಕುಡಿದು ಮತ್ತೆ ಮಲಗುವುದುಂಟು. ಪಕ್ಕದ ಮನೆಯವರ ನಿದ್ರೆಗೂ ಭಂಗ ಬಾರದು. ಅತ್ತು ಅತ್ತು ಕೆಂಪಾದ ಮಗುವಾದರೋ ಮೊಲೆಯನ್ನು ಸರಿಯಾಗಿ ಹಿಡಿಯಲಾರದು. ಅದನ್ನು ಮೊದಲು ಎದೆಗೊರಗಿಸಿ ಸಮಾಧಾನಪಡಿಸಬೇಕಾಗುತ್ತದೆ.

ಪ್ರತಿಯೊಂದು ಅಳುವೂ ಹಸಿವಿನದಲ್ಲ. ಒದ್ದೆ ಬಟ್ಟೆ, ಸೆಕೆ, ಸೊಳ್ಳೆ, ತೇಗು ಬಾರದ ಹೊಟ್ಟೆ, ಇಲ್ಲವೇ ಬರಿದೇ ಅಪ್ಪುಗೆಯ ಬಯಕೆಯೂ ಅಳುವಿಗೆ ಕಾರಣವಾದೀತು. ಜನಿಸಿದ ಆರನೆಯ ವಾರದ ಸುಮಾರಿಗೆ ಮಕ್ಕಳ ಅಳು ಅತ್ಯಂತ ಹೆಚ್ಚಾಗಿದ್ದು ಅನಂತರ ತಗ್ಗುತ್ತ ಬರುತ್ತದೆ. ಇದು ದೇಶದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಬಹಳಷ್ಟು ಮನೆಗಳಲ್ಲಿ ಡಬ್ಬದ ಹಾಲು ಪ್ರವೇಶಿಸುವುದು ಇದೇ ವಾರಗಳಲ್ಲಿ ಎಂಬುದು ಆಕಸ್ಮಿಕವಲ್ಲ.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ಅಳೆಯಬಾರದು, ಎದೆಯ ಗಾತ್ರದಿಂದಲೂ ಅಳೆಯಬಾರದು. ಮೊದಲ ವಾರ ಕಳೆದ ಮೇಲೆ ಎದೆಹಾಲನ್ನು ಮಾತ್ರ ಕುಡಿಯುವ ಮಗು ದಿನಕ್ಕೆ ಆರು ಬಾರಿಯಾದರೂ ತಿಳಿಯಾದ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ತಿಳಿಯಬಹುದು. ತೂಕವು ಇದಕ್ಕಿಂತ ಖಚಿತವಾದ ಸಾಕ್ಷಿ. ಹುಟ್ಟಿದ ಮೊದಲ ದಿನಗಳಲ್ಲಿ ತುಸು ಇಳಿಯುವ ತೂಕವು ಎರಡು ವಾರಗಳ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಮರಳಬೇಕು. ಅನಂತರದ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಬೇಕು. ಅಂಗನವಾಡಿಯ ತಕ್ಕಡಿಯಲ್ಲಿ ಇದನ್ನು ಯಾವ ಖರ್ಚೂ ಇಲ್ಲದೆ ನೋಡಬಹುದು. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಬೇಡುವುದು ಎಳೆಯ ಶಿಶುವಿನ ಸಹಜ ಸ್ವಭಾವ. ಅವುಗಳಲ್ಲಿ ಎರಡು ಮೂರು ಸರದಿಗಳು ರಾತ್ರಿಗೆ ಬಂದೇ ಬರುತ್ತವೆ. ವಿಜಯವಾಡದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ಮೀರುವುದುಂಟು. ಆಗಲೂ ಆರು ತಿಂಗಳೊಳಗಿನ ಮಗುವಿಗೆ ಬೇರೆ ನೀರು ಕುಡಿಸಬೇಕಾಗಿಲ್ಲ, ಏಕೆಂದರೆ ಎದೆಹಾಲಿನಲ್ಲಿ ಸುಮಾರು ಶೇಕಡಾ 88 ಭಾಗ ನೀರೇ ಇದೆ. ನೀರು ಬೇಕಾದದ್ದು ತಾಯಿಗೆ. ಮಲಗುವಾಗ ಕೈಗೆಟಕುವಲ್ಲಿ ಒಂದು ತಂಬಿಗೆ ನೀರಿಟ್ಟುಕೊಳ್ಳುವುದು ಒಳ್ಳೆಯದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇಕಡಾ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಆದರೆ ಜನಿಸಿದ ಒಂದು ಗಂಟೆಯೊಳಗೆ ಎದೆಹಾಲು ದೊರೆತ ಮಕ್ಕಳು ಶೇಕಡಾ 41.8 ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಪಡೆಯುತ್ತಿದ್ದವರು ಶೇಕಡಾ 63.7. ಆಸ್ಪತ್ರೆಯ ಬಾಗಿಲವರೆಗೆ ತಾಯಂದಿರನ್ನು ಕರೆತರುವಲ್ಲಿ ದೊರೆತ ಯಶಸ್ಸು ಮೊದಲ ಗಂಟೆಯ ವಿಷಯದಲ್ಲಿ ದೊರೆತಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಬಾಟಲಿಯ ಹಾನಿಯನ್ನು ಕುರಿತ ಎಚ್ಚರಿಕೆ ಹೊಸದೇನಲ್ಲ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1939ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣಕ್ಕೆ "ಹಾಲು ಮತ್ತು ಕೊಲೆ" ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಡಬ್ಬದ ಹಾಲಿನ ಪ್ರಚಾರಕ್ಕೆ ಮರುಳಾದ ಬಡ ಕುಟುಂಬಗಳಲ್ಲಿ ಶಿಶುಗಳು ಸಾಯುತ್ತಿದ್ದುದನ್ನು ಕಂಡು ಅವರು ಆಡಿದ ಮಾತದು. ವಿಶ್ವ ಆರೋಗ್ಯ ಸಭೆಯು ಈ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿದ್ದು 1981ರಲ್ಲಿ. ಭಾರತದ ಸಂಸತ್ತು 1992ರಲ್ಲಿ ಶಿಶು ಹಾಲಿನ ಬದಲಿ ಪದಾರ್ಥಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳನ್ನು ಕುರಿತ ಅಧಿನಿಯಮವನ್ನು ಮಾಡಿತು. ಅದನ್ನು 2003ರಲ್ಲಿ ತಿದ್ದುಪಡಿ ಮಾಡಿ ಬಿಗಿಗೊಳಿಸಲಾಯಿತು. ಅದರಂತೆ ಎರಡು ವರ್ಷದೊಳಗಿನ ಮಕ್ಕಳಿಗಾಗಿ ಮಾರುವ ಇಂತಹ ಪದಾರ್ಥಗಳ ಜಾಹೀರಾತನ್ನು ನಿಷೇಧಿಸಲಾಗಿದೆ. ತಾಯಂದಿರಿಗೆ ಉಚಿತ ಮಾದರಿಗಳನ್ನು ಹಂಚುವಂತಿಲ್ಲ. ಹಾಲಿನ ಡಬ್ಬದ ಮೇಲೆ ಮಗುವಿನ ಚಿತ್ರವನ್ನಾಗಲಿ ತಾಯಿಯ ಚಿತ್ರವನ್ನಾಗಲಿ ಮುದ್ರಿಸುವಂತಿಲ್ಲ. ಅಂಗಡಿಯವರು ಡಬ್ಬದೊಡನೆ ಏನನ್ನಾದರೂ ಉಡುಗೊರೆಯೆಂದು ಕೊಟ್ಟರೆ ಅದು ಕಾನೂನಿಗೆ ವಿರುದ್ಧವೆಂದು ಗ್ರಾಹಕರು ತಿಳಿಯಬೇಕು.

ಹಾಗೆಂದು ಹಾಲಿನ ಪುಡಿಯೇ ವಿಷವೆಂದು ಭಾವಿಸುವುದೂ ತಪ್ಪು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 1950ರ ದಶಕದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ರೂಪಿಸಿದರು. ಗುಜರಾತಿನ ಆಣಂದ್‌ನ ಸಹಕಾರಿ ಡೈರಿಯು ಅದನ್ನು ಮಾರುಕಟ್ಟೆಗೆ ತಂದಿತು. ತಾಯಿಯನ್ನು ಕಳೆದುಕೊಂಡ ಮಗು, ದತ್ತು ಬಂದ ಮಗು, ಎದೆಹಾಲೂಡಿಸಬಾರದಂತಹ ಚಿಕಿತ್ಸೆಯಲ್ಲಿರುವ ತಾಯಿಯ ಮಗು, ಎಲ್ಲ ಪ್ರಯತ್ನದ ನಂತರವೂ ತೂಕ ಏರದ ಮಗು, ಇವರೆಲ್ಲರಿಗೂ ಅದು ಆಸರೆ. ಅಂತಹ ತಾಯಂದಿರನ್ನು ತಪ್ಪಿತಸ್ಥರಂತೆ ಕಾಣುವುದು ನಿರ್ದಯ. ವೈದ್ಯರ ಸಲಹೆಯಂತೆ ಪುಡಿಹಾಲನ್ನು ಕೊಡಲೇಬೇಕಾದಾಗ ಅದನ್ನು ಸರಿಯಾಗಿ ಕೊಡುವ ವಿಧಾನವನ್ನು ವಿವರವಾಗಿ ತಿಳಿಸುವುದು ಅಗತ್ಯ. ತಪ್ಪುಗಳು ಹೆಚ್ಚಾಗಿ ಆಗುವುದು ನಿದ್ದೆಗಣ್ಣಿನಲ್ಲಿ, ಅಂದರೆ ರಾತ್ರಿಯಲ್ಲಿಯೇ.

ಪುಡಿಯು ಡಬ್ಬದಲ್ಲಿ ಮುಚ್ಚಿಟ್ಟಿದ್ದರೂ ಸಂಪೂರ್ಣ ರೋಗಾಣುರಹಿತವಲ್ಲ. ಆದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಪುಡಿಯನ್ನು ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ ಎಂದು ಇದನ್ನು ನೆನಪಿಟ್ಟುಕೊಳ್ಳಬಹುದು. ಬೆರೆಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಬೆಚ್ಚಗಿದ್ದರೆ ಮಾತ್ರ ಕುಡಿಸಬೇಕು. ಮಲಗುವ ಮೊದಲೇ ಹಾಲನ್ನು ಬೆರೆಸಿ ಫ್ಲಾಸ್ಕಿನಲ್ಲಿ ತುಂಬಿಡುವ ರೂಢಿ ಬಹಳ ಅಪಾಯಕರ. ಉಗುರುಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳು ಬೆಳಗಿನವರೆಗೂ ವೃದ್ಧಿಯಾಗುತ್ತವೆ. ಫ್ಲಾಸ್ಕಿನಲ್ಲಿ ಕುದಿಸಿದ ನೀರನ್ನು ಮಾತ್ರ ಇಡಬೇಕು, ಪುಡಿಯನ್ನು ಆಯಾ ಸರದಿಗೆ ಬೆರೆಸಬೇಕು. ಸಂಜೆ ತುಂಬಿದ ನೀರು ನಡುರಾತ್ರಿಯ ಹೊತ್ತಿಗೆ ತಣಿದಿದ್ದರೆ ಮತ್ತೊಮ್ಮೆ ಕುದಿಸುವುದನ್ನು ತಪ್ಪಿಸಬಾರದು. ಮಗು ಕುಡಿದು ಉಳಿಸಿದ ಹಾಲನ್ನು ಮುಂದಿನ ಸರದಿಗೆ ಎತ್ತಿಡಬಾರದು; ಬೆರೆಸಿ ಎರಡು ಗಂಟೆ ಕಳೆದ ಹಾಲನ್ನು ಚೆಲ್ಲಿಬಿಡಬೇಕು. ಡಬ್ಬದ ಬೆಲೆಯನ್ನು ನೆನೆದು ಚೆಲ್ಲಲು ಕೈ ಹಿಂದೆಗೆಯುವುದು ಸಹಜವೇ. ಆದರೆ ಭೇದಿಗೆ ತಗಲುವ ಆಸ್ಪತ್ರೆಯ ಖರ್ಚು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಬೆಲೆಯ ಕಾರಣದಿಂದ ಆಗುವ ಇನ್ನೊಂದು ತಪ್ಪು ಕಣ್ಣಿಗೆ ಕಾಣಿಸುವುದೇ ಇಲ್ಲ. 30 ಮಿಲಿಲೀಟರ್ ನೀರಿಗೆ ಒಂದು ಮಟ್ಟಸವಾದ ಚಮಚೆ ಪುಡಿ ಎಂದು ಡಬ್ಬದ ಮೇಲೆ ಬರೆದಿದೆಯೆನ್ನೋಣ. ಡಬ್ಬವು ತಿಂಗಳ ಕೊನೆಯವರೆಗೆ ಬರಲೆಂದು 60 ಮಿಲಿಲೀಟರಿಗೆ ಒಂದೇ ಚಮಚೆ ಹಾಕಿದರೆ ಮಗುವಿನ ಹೊಟ್ಟೆ ತುಂಬುತ್ತದೆ, ಮಗು ಮಲಗುತ್ತದೆ. ದೊರೆತದ್ದು ಮಾತ್ರ ಅರ್ಧ ಆಹಾರ. ವಾರಗಟ್ಟಲೆ ಹೀಗೆ ನಡೆದರೆ ಮಗು ಸೊರಗುತ್ತದೆ. ಅಳತೆಗಿಂತ ಹೆಚ್ಚು ಪುಡಿ ಹಾಕುವುದೂ ಎಳೆಯ ಮೂತ್ರಪಿಂಡಗಳಿಗೆ ಭಾರ. ಡಬ್ಬದೊಡನೆ ಬಂದ ಚಮಚೆಯನ್ನೇ ಬಳಸಬೇಕು. ಒಂದು ಕಂಪನಿಯ ಚಮಚೆ ಇನ್ನೊಂದರ ಪುಡಿಗೆ ಒಗ್ಗದು. ಮೊದಲ ವಾರದ ನಂತರ ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕಾಗುತ್ತದೆ. ಮೂರು ಕಿಲೋ ತೂಕದ ಮಗುವಿಗೆ ದಿನಕ್ಕೆ 450 ಮಿಲಿಲೀಟರ್, ಎಂಟು ಸರದಿಗಳಾದರೆ ಒಂದೊಂದಕ್ಕೆ 55ರಿಂದ 60. ರಾತ್ರಿ ಹೆಚ್ಚು ಹೊತ್ತು ಮಲಗಲೆಂದು ಹಾಲಿಗೆ ಬಿಸ್ಕತ್ತಿನ ಪುಡಿ, ರಾಗಿಹಿಟ್ಟು, ಸಕ್ಕರೆಗಳನ್ನು ಬೆರೆಸುವುದು ಸಲ್ಲದು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಯನ್ನು ಬಟ್ಟಲಲ್ಲಿ ಹಾಕಿ ಚಮಚೆಯಿಂದ ತಿನ್ನಿಸಲಿ. ಬಾಟಲಿಯು ಅದಕ್ಕೆ ಸ್ಥಳವಲ್ಲ.

ಬಾಟಲಿಯ ನಿಜವಾದ ತೊಡಕು ಅದರ ರಬ್ಬರಿನ ನಿಪ್ಪಲ್ ಮತ್ತು ಇಕ್ಕಟ್ಟಾದ ಕತ್ತಿನಲ್ಲಿದೆ. ಎಷ್ಟು ತೊಳೆದರೂ ಅಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ. ಪ್ರತಿ ಸರದಿಗೂ ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ಮುಳುಗಿಸಿ ಕುದಿಸುವುದು ಹಗಲಿನಲ್ಲಿಯೇ ಕಷ್ಟ. ರಾತ್ರಿ ಮೂರು ಗಂಟೆಗೆ ಯಾರಿಂದ ಸಾಧ್ಯ? ಕನ್ನಡನಾಡಿನ ಮನೆಗಳಲ್ಲಿ ಇದಕ್ಕೆ ಹಿಂದಿನಿಂದಲೂ ಒಂದು ಸುಲಭ ಸಾಧನವಿತ್ತು. ಅದು ಒಳಲೆ, ಮೂತಿಯುಳ್ಳ ಪುಟ್ಟ ಬಟ್ಟಲು. ಆಂಧ್ರದ ನೆರೆಹೊರೆಯವರು ಇದನ್ನೇ ಉಗ್ಗುಗಿನ್ನೆಯೆನ್ನುತ್ತಾರೆ. ಅಕ್ಕಪಕ್ಕದ ಹಿರಿಯರನ್ನು ಕೇಳಿದರೆ ಬಳಸುವ ಬಗೆಯನ್ನು ಅವರೇ ತೋರಿಸಿಯಾರು. ತೆರೆದ ಬಾಯಿಯ ಪಾತ್ರೆಯಾದುದರಿಂದ ಅದನ್ನು ತೊಳೆಯುವುದು, ಕುದಿಸುವುದು ಸುಲಭ. ಹಾಸ್ಯ ಮಾಡಿ ಮೂಲೆಗೆ ಸರಿಸಿದ ಅಜ್ಜಿಯ ವಸ್ತುವನ್ನು ಇಂದು ನವಜಾತ ಶಿಶುಗಳ ಆಸ್ಪತ್ರೆಗಳಲ್ಲಿ ಅಕಾಲಿಕವಾಗಿ ಹುಟ್ಟಿದ ಮಕ್ಕಳಿಗಾಗಿ ಬಳಸುತ್ತಿದ್ದಾರೆ.

ಒಳಲೆಯಲ್ಲಿ ಕುಡಿಸುವಾಗ ಮಗು ಎಚ್ಚರವಾಗಿರಬೇಕು. ಮಡಿಲಲ್ಲಿ ತಲೆಯೆತ್ತರವಾಗಿ, ಅರ್ಧ ಕುಳಿತಂತೆ ಹಿಡಿದು, ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ, ಸ್ವಲ್ಪಸ್ವಲ್ಪವಾಗಿ ಬಾಗಿಸಬೇಕು. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮಲಗಿರುವ ಮಗುವಿನ ಬಾಯಿಗೆ ಸುರಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಟಲಿಯನ್ನೇ ಬಳಸುವವರು ಅದನ್ನು ದಿಂಬಿಗೊರಗಿಸಿ, ಮಗುವಿನ ಬಾಯಿಗಿಟ್ಟು ಮಲಗಿಬಿಡುವುದಂತೂ ಪ್ರಾಣಕ್ಕೇ ಅಪಾಯ. ಹಲ್ಲು ಮೂಡಿದ ಮಕ್ಕಳಲ್ಲಿ ರಾತ್ರಿಯೆಲ್ಲ ಬಾಯಲ್ಲಿ ಬಾಟಲಿಯಿದ್ದರೆ ಮೇಲಿನ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಅಂಗಾತನಾಗಿ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸಬೇಕು. ಮದ್ಯಪಾನ ಅಥವಾ ಧೂಮಪಾನ ಮಾಡಿದವರ ಪಕ್ಕದಲ್ಲಿ ಮಗುವನ್ನು ಮಲಗಿಸಬಾರದು.

ಎದೆಹಾಲೂಡಿಸುವ ಮನೆಯಲ್ಲಿ ರಾತ್ರಿ ತನಗೇನೂ ಕೆಲಸವಿಲ್ಲವೆಂದು ತಂದೆಯು ತಿಳಿಯಬಾರದು. ಮಗುವನ್ನು ಎತ್ತಿಕೊಡುವುದು, ಬಟ್ಟೆ ಬದಲಿಸುವುದು, ತೇಗು ಬರಿಸಿ ಮಲಗಿಸುವುದು ಅವನಿಂದಾಗುವ ಕೆಲಸಗಳೇ. ತಾಯಿಗೆ ಇದರಿಂದ ಸಿಗುವ ಅರ್ಧ ಗಂಟೆಯ ನಿದ್ರೆಯು ಮಗುವಿನ ಹಾಲಿಗೂ ನೆರವಾಗುತ್ತದೆ. ಆದರೆ ಆಟೋನಗರ್‌ನಂತಹ ಸ್ಥಳಗಳಲ್ಲಿ ದುಡಿಯುವ ತಂದೆಗೆ ಒಂದು ವಿಶೇಷ ಎಚ್ಚರಿಕೆ ಅವಶ್ಯ. ಬ್ಯಾಟರಿ ದುರಸ್ತಿ ಮಾಡುವವರ ಕೈಗೂ ಬಟ್ಟೆಗೂ ಸೀಸ ಎಂಬ ಲೋಹದ ಧೂಳು ಅಂಟಿರುತ್ತದೆ. ಅದು ಅಲ್ಪ ಪ್ರಮಾಣದಲ್ಲಿ ದೇಹ ಸೇರಿದರೂ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ. ಗ್ರೀಸು ಹೋಗಲೆಂದು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಕೈ ತೊಳೆದು ಹಾಗೆಯೇ ಮನೆಗೆ ಬರುವುದುಂಟು. ಶೆಡ್ಡಿನ ಬಟ್ಟೆಯನ್ನು ಬಾಗಿಲಲ್ಲೇ ಬಿಟ್ಟು, ಸಾಬೂನಿನಿಂದ ಮೊಣಕೈವರೆಗೆ ತೊಳೆದು, ಸ್ನಾನ ಮಾಡಿ ಮಗುವನ್ನು ಮುಟ್ಟಬೇಕು. ಶೆಡ್ಡಿನ ಬಟ್ಟೆಗಳನ್ನು ಮಗುವಿನ ಬಟ್ಟೆಗಳೊಡನೆ ಒಗೆಯಬಾರದು.

ತಾಯಿಯೂ ದುಡಿಯಲು ಹೊರಗೆ ಹೋಗುವ ಮನೆಗಳ ಸ್ಥಿತಿ ಇನ್ನೂ ಕಠಿಣ. ವೇತನಸಹಿತ ಹೆರಿಗೆ ರಜೆಯನ್ನು 2017ರಲ್ಲಿ 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. ಆದರೆ ನಾಲ್ಕೈದು ಜನ ದುಡಿಯುವ ಅಂಗಡಿಗಳಲ್ಲಿ, ಮನೆಗೆಲಸದಲ್ಲಿ, ದಿನಗೂಲಿಯಲ್ಲಿರುವ ಹೆಂಗಸರಿಗೆ ಆ ರಜೆ ಕೈಗೆಟಕಿಲ್ಲ. ಅಂಥವರಿಗೆಂದು ಅದೇ ವರ್ಷ ಆರಂಭವಾದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿಗಳ ನೆರವು ಇದೆ. ಆರು ತಿಂಗಳ ಕೂಲಿಗೆ ಅದು ಸಮನಲ್ಲ. ಕೆಲಸಕ್ಕೆ ಮರಳಿದ ತಾಯಿಯು ರಾತ್ರಿಯ ಹಾಲೂಡಿಕೆಯನ್ನು ಉಳಿಸಿಕೊಂಡರೆ ಹಗಲಿನ ಅಗಲಿಕೆಯ ನಡುವೆಯೂ ಹಾಲು ಬತ್ತದು. ಹೊರಡುವ ಮುಂಚೆ ಶುದ್ಧವಾದ ಕೈಗಳಿಂದ ಹಾಲನ್ನು ಹಿಂಡಿ, ಕುದಿಸಿ ಆರಿಸಿದ ಮುಚ್ಚಳದ ಪಾತ್ರೆಯಲ್ಲಿ ತಂಪಾದೆಡೆ ಇಟ್ಟು ಹೋಗಬಹುದು. ಅದನ್ನು ನಾಲ್ಕು ಗಂಟೆಗಳೊಳಗೆ ಒಳಲೆಯಲ್ಲಿ ಕುಡಿಸಬೇಕು. ಹಿಂಡಿದ ಎದೆಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿದರೆ ಸಾಕು.

ಊರು ಬಿಟ್ಟು ಬಂದವರು ತಾಯಿ ಮತ್ತು ಮಗುವಿನ ಆರೋಗ್ಯ ಕಾರ್ಡನ್ನು ತಪ್ಪದೆ ತಮ್ಮೊಡನೆ ತರಬೇಕು. ಬಂದ ಕೂಡಲೇ ಆ ಬೀದಿಯ ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ತಿಳಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಬಂದು ತೂಕ ನೋಡಿ, ಹಾಲೂಡಿಸುವ ಕ್ರಮವನ್ನು ಪರಿಶೀಲಿಸಬೇಕೆಂಬ ನಿಯಮವಿದೆ. ಮಗು ಮೊಲೆಯನ್ನು ಹಿಡಿಯುವ ರೀತಿಯಲ್ಲಿನ ಚಿಕ್ಕ ದೋಷವೊಂದನ್ನು ಅವರು ತಿದ್ದಿದೊಡನೆ ರಾತ್ರಿಯ ಗೋಳು ಅರ್ಧಕ್ಕಿಳಿಯುವುದುಂಟು. ಬಾಡಿಗೆ ಮನೆಯ ವಿಳಾಸ ಅವರಿಗೆ ತಿಳಿಯದಿದ್ದರೆ ಅವರು ಬರುವುದಾದರೂ ಹೇಗೆ?

ಬೆಳಗಾಗುವವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಚೆನ್ನಾಗಿ ಕುಡಿಯುತ್ತಿದ್ದ ಮಗು ಹಾಲನ್ನು ಬಾಯಿಗೇ ತೆಗೆದುಕೊಳ್ಳದಿದ್ದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ ಅಥವಾ ಕೈಕಾಲು ಹೊಟ್ಟೆಗಳು ತಣ್ಣಗಾಗಿದ್ದರೆ, ಉಸಿರಾಡುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಎರಡು ತಿಂಗಳೊಳಗಿನ ಮಗುವಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಕರ್ನಾಟಕದಲ್ಲಿಯೂ ಆಂಧ್ರಪ್ರದೇಶದಲ್ಲಿಯೂ ಉಚಿತವಾಗಿ ಬರುತ್ತದೆ. ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಿಡಿದು, ಮೇಲೆ ಬಟ್ಟೆ ಹೊದಿಸಿರಬೇಕು. ಮಗು ಕುಡಿಯಬಲ್ಲದಾದರೆ ಹಾಲೂಡಿಸುವುದನ್ನು ಆಗಲೂ ನಿಲ್ಲಿಸಬಾರದು.